ಮಳೆಗಾಲದಲ್ಲಿ ಬಚ್ಚಲೊಲೆ ಉರಿಯದಿದ್ದರೆ: ಸೌದೆಯ ದೋಷವೋ, ಒಲೆಯ ದೋಷವೋ?

ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆ ಸ್ನಾನದ ನೀರು ಕಾಯಿಸುವುದರ ಜೊತೆಗೆ ಇನ್ನೂ ಹಲವು ಕೆಲಸ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದ ದಿನಗಳಲ್ಲಿ ಮನೆಯ ಹಿಂಭಾಗವನ್ನು ಬೆಚ್ಚಗಿಡುವುದೂ ಅದೇ, ಕಂಬಳಿ ಮತ್ತು ಒದ್ದೆ ಬಟ್ಟೆಗಳನ್ನು ಒಣಗಿಸುವುದೂ ಅದೇ. ಇಂಥ ಒಲೆ ಆರ್ದ್ರಾ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ಹೊತ್ತಿಕೊಳ್ಳದೆ, ಬಾಯಿಯಿಂದ ಹೊಗೆ ಕಕ್ಕುತ್ತ, ಹಂಡೆ ನೀರು ಕಾಯಿಸಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯತೊಡಗಿದರೆ ನಾವು ಸಾಮಾನ್ಯವಾಗಿ ಒಲೆ ಕಟ್ಟಿದವರನ್ನು ದೂರುತ್ತೇವೆ, ಇಲ್ಲವೇ ಹೊಗೆ ಕೊಳವೆ ಬದಲಿಸಲು ಹೊರಡುತ್ತೇವೆ. ನಾನು ನೋಡಿದ ಮಟ್ಟಿಗೆ ದೋಷ ಹೆಚ್ಚಿನ ಸಲ ಸೌದೆಯಲ್ಲಿಯೇ ಇರುತ್ತದೆ; ಜನವರಿಯಿಂದ ಮೇ ತಿಂಗಳೊಳಗೆ ಆಗಬೇಕಿದ್ದ ಕೆಲಸ ಆಗದೆ ಉಳಿದದ್ದು ಜೂನ್‌ನಲ್ಲಿ ಹೊಗೆಯಾಗಿ ಹೊರಬರುತ್ತದೆ. ಆದರೂ ಊಹೆಯ ಮೇಲೆ ತೀರ್ಮಾನಿಸದೆ, ದೋಷ ಎಲ್ಲಿದೆ ಎಂಬುದನ್ನು ಮೊದಲು ಪರೀಕ್ಷೆಯಿಂದ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲ ಪರೀಕ್ಷೆ: ಒಣಗಿರುವುದು ಖಚಿತವಾದ ಉರುವಲು

ಒಲೆಯನ್ನು ಪೂರ್ತಿ ಆರಿಸಿ, ಬೂದಿ ತೆಗೆದು, ಒಣಗಿದೆಯೆಂಬುದರಲ್ಲಿ ಸಂಶಯವೇ ಇಲ್ಲದ ಉರುವಲಿನಿಂದ ಒಮ್ಮೆ ಹೊತ್ತಿಸಿ ನೋಡಿ. ಒಂದು ಬುಟ್ಟಿ ತೆಂಗಿನ ಕರಟ, ಮಾಡಿನಿಂದ ಇಳಿಸಿ ವರ್ಷಗಟ್ಟಲೆ ಒಳಗೆ ಇಟ್ಟ ಹಳೆಯ ರೀಪು, ಅಟ್ಟದ ಮೇಲೆ ಹಿಂದಿನ ಬೇಸಿಗೆಯಿಂದ ಕುಳಿತ ಅಡಿಕೆ ದಬ್ಬೆ, ಇವುಗಳಲ್ಲಿ ಯಾವುದಾದರೂ ಆದೀತು. ಹಂಡೆಗೆ ಎಂದಿನಷ್ಟೇ ನೀರು ತುಂಬಿ, ಎಂದಿನ ಹೊತ್ತಿನಲ್ಲಿಯೇ ಪರೀಕ್ಷೆ ಮಾಡಬೇಕು, ಏಕೆಂದರೆ ಗಾಳಿಯ ದಿಕ್ಕು ಮತ್ತು ಹೊರಗಿನ ಚಳಿ ಕೊಳವೆಯ ಎಳೆತವನ್ನು ಬದಲಿಸುತ್ತವೆ.

ಈ ಉರುವಲಿನಿಂದ ಉರಿ ಹಳದಿಯಾಗಿ ಎದ್ದು, ಮೊದಲ ಕೆಲವು ನಿಮಿಷಗಳ ನಂತರ ಹೊಗೆ ತೆಳುವಾಗಿ, ನೀರು ಎಂದಿನಂತೆ ಕಾದರೆ ಒಲೆ ನಿರ್ದೋಷಿ. ಆಗ ಮುಂದಿನ ಒಂದು ಭಾಗವನ್ನು ಬಿಟ್ಟು ನೇರವಾಗಿ ಸೌದೆಯ ತಪಾಸಣೆಗೆ ಹೋಗಬಹುದು. ಕರಟ ಹಾಕಿದರೂ ಹೊಗೆ ಬಾಯಿಗೇ ಬರುತ್ತಿದ್ದರೆ ಮಾತ್ರ ಒಲೆಯನ್ನು ನೋಡಬೇಕು.

ಒಲೆಯ ಕಡೆಯ ಕಾರಣಗಳು

ಇವು ಕೆಲವೇ, ಹೆಚ್ಚಿನವು ಕಣ್ಣಿಗೆ ಕಾಣುವಂಥವು. ಕೊಳವೆಯೊಳಗೆ ಮಸಿ ಕಟ್ಟಿ ದಾರಿ ಕಿರಿದಾಗಿರಬಹುದು, ಬೇಸಿಗೆಯಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ತುದಿಯ ಟೋಪಿ ಗಾಳಿಗೆ ಬಗ್ಗಿ ಬಾಯಿ ಮುಚ್ಚಿರಬಹುದು. ಕೊಳವೆಯ ತುದಿ ಮಾಡನ್ನು ದಾಟುವಲ್ಲಿಂದ ಕನಿಷ್ಠ ಮೂರು ಅಡಿ ಮೇಲಿರಬೇಕು, ಮತ್ತು ಸುತ್ತ ಹತ್ತು ಅಡಿ ದೂರದೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ ಎರಡು ಅಡಿ ಎತ್ತರದಲ್ಲಿರಬೇಕು. ಅದಕ್ಕಿಂತ ಗಿಡ್ಡವಾಗಿದ್ದರೆ ಪಡುವಣ ಗಾಳಿ ಮಾಡಿನ ಮೇಲಿಂದ ಉರುಳಿ ಬರುವಾಗ ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ. ಇಂಥ ಒಲೆ ಗಾಳಿಯಿಲ್ಲದ ದಿನ ಚೆನ್ನಾಗಿ ಉರಿದು, ಗಾಳಿ ಬೀಸಿದ ದಿನ ಮಾತ್ರ ಹೊಗೆ ಕಟ್ಟುತ್ತದೆ. ಹಸಿ ಸೌದೆಯ ದೋಷಕ್ಕೆ ಹೀಗೆ ದಿನದಿನಕ್ಕೆ ಬದಲಾಗುವ ಗುಣವಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಅಸ್ತ್ರ ಒಲೆಯಂತೆ ಅಡಿಯಲ್ಲಿ ಜಾಳಿಗೆಯಿರುವ ಒಲೆಗಳಲ್ಲಿ ಬೂದಿ ತುಂಬಿ ಗಾಳಿಯ ದಾರಿ ಮುಚ್ಚುವುದುಂಟು. ಹಂಡೆಯ ತಳದ ಮಸಿಯನ್ನೂ ನೋಡಿ. ಬೆರಳಿನಿಂದ ಕೆರೆದರೆ ಪುಡಿಯಾಗಿ ಉದುರುವ ಒಣ ಮಸಿ ಸಹಜ. ಡಾಂಬರಿನಂತೆ ಅಂಟಿ, ಉಗುರಿಗೆ ಮೆತ್ತಿಕೊಳ್ಳುವ ಹೊಳಪು ಮಸಿಯಿದ್ದರೆ ಅದು ಒಲೆಯ ದೋಷದ ಗುರುತಲ್ಲ, ಹಸಿ ಸೌದೆ ಬಹಳ ದಿನದಿಂದ ಉರಿದಿದೆ ಎಂಬುದಕ್ಕೆ ಸಾಕ್ಷಿ.

ಸೌದೆಯ ತಪಾಸಣೆ: ಹಸಿಯೋ, ತೋಯ್ದದ್ದೋ?

ನಾವು ಎರಡನ್ನೂ "ಒದ್ದೆ ಸೌದೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಎಂದೂ ಒಣಗದೆ ಉಳಿದ ಹಸಿ ಸೌದೆಗೂ, ಒಣಗಿದ ಮೇಲೆ ಮಳೆಗೆ ತೋಯ್ದ ಸೌದೆಗೂ ಪರಿಹಾರ ಬೇರೆ ಬೇರೆ. ತೋಯ್ದದ್ದು ವಾರದೊಳಗೆ ಸರಿಹೋಗುತ್ತದೆ, ಹಸಿಯದ್ದು ಮಳೆಗಾಲದಲ್ಲಿ ಸರಿಹೋಗುವುದೇ ಇಲ್ಲ. ಆದ್ದರಿಂದ ಈ ಭೇದವನ್ನು ತಿಳಿಯುವುದೇ ಇಡೀ ತಪಾಸಣೆಯ ತಿರುಳು.

ಒಟ್ಟಿದ ಸೌದೆಯ ಹೊರ ಅಂಚಿನಿಂದಲ್ಲ, ನಡುವಿನಿಂದ, ಆದಷ್ಟು ದಪ್ಪನೆಯ ಒಂದು ಕುಂಟೆಯನ್ನು, ಅಂದರೆ ಮರದ ತುಂಡನ್ನು, ಎಳೆದು ತೆಗೆಯಿರಿ. ತುದಿಯ ಬಿರುಕುಗಳನ್ನು ನೋಡಿ ಒಣಗಿದೆ ಎಂದು ನಂಬಬೇಡಿ. ಮರದೊಳಗಿನ ನೀರು ನಾರಿನ ಉದ್ದಕ್ಕೆ ಚಲಿಸುವಷ್ಟು ಸುಲಭವಾಗಿ ಅಡ್ಡಕ್ಕೆ ಚಲಿಸುವುದಿಲ್ಲ. ಎರಡಕ್ಕೂ ಹತ್ತರಿಂದ ಹದಿನೈದು ಪಟ್ಟು ವ್ಯತ್ಯಾಸವಿದೆ. ಹೀಗಾಗಿ ತುದಿಗಳು ಬೇಗ ಒಣಗಿ ಬಿರಿಯುತ್ತವೆ, ಗೇಣು ಒಳಗೆ ಹೋದರೆ ಕಡಿದ ದಿನದ ನೀರು ಹಾಗೆಯೇ ಇರುತ್ತದೆ. ಕುಂಟೆಯನ್ನು ನಡುವೆ ಸೀಳಿ, ಹೊಸದಾಗಿ ತೆರೆದ ಮುಖವನ್ನು ಕೆನ್ನೆಗೆ ಒತ್ತಿಕೊಂಡರೆ ಹಸಿ ಮರ ತಣ್ಣಗೆ ತಾಗುತ್ತದೆ. ಅಕೇಶಿಯ, ಮಾವು, ಹಲಸುಗಳಲ್ಲಿ ತಿರುಳಿನ ಸುತ್ತ ಬಣ್ಣ ಗಾಢವಾಗಿ ಉಳಿದಿರುತ್ತದೆ, ಹಸಿ ಮರದ ವಾಸನೆಯೂ ಏಳುತ್ತದೆ. ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯದು ದಬ್ಬೆನ್ನುತ್ತದೆ. ಒಲೆಯಲ್ಲಿ ಇಟ್ಟಾಗ ಇನ್ನೂ ಸ್ಪಷ್ಟ: ಒಂದು ತುದಿ ಕೆಂಡಕ್ಕೆ ತಾಗಿದ ಸ್ವಲ್ಪ ಹೊತ್ತಿಗೆ ಹೊರಗೆ ಚಾಚಿದ ಇನ್ನೊಂದು ತುದಿಯಲ್ಲಿ ಸುಂಯ್ಗುಟ್ಟುತ್ತ ಕಂದು ನೊರೆ ಬಂದು, ತೊಟ್ಟಿಕ್ಕಿ, ಒಲೆಯ ಬಾಯಿಯಲ್ಲಿ ಕಲೆ ಮಾಡುತ್ತದೆ. ಮಳೆಗೆ ಮೇಲ್ಮೈ ಮಾತ್ರ ತೋಯ್ದ ಸೌದೆ ಹೀಗೆ ಮಾಡುವುದಿಲ್ಲ. ಮೊದಲು ಆವಿಯಾಡಿ, ಆಮೇಲೆ ಸರಿಯಾಗಿ ಹೊತ್ತಿಕೊಳ್ಳುತ್ತದೆ.

ಮರದ ತೇವ ಅಳೆಯುವ ಎರಡು ಮುಳ್ಳುಗಳ ಮಾಯಿಶ್ಚರ್ ಮೀಟರ್ ಇದ್ದರೆ ತೀರ್ಮಾನ ಇನ್ನೂ ನಿಖರವಾಗುತ್ತದೆ. ಹೊಸದಾಗಿ ಸೀಳಿದ ಮುಖದ ನಡುವೆ, ನಾರಿನ ದಿಕ್ಕಿಗೆ ಸಮನಾಗಿ ಮುಳ್ಳು ಚುಚ್ಚಿ ಒಂದು ಓದು ತೆಗೆದುಕೊಳ್ಳಿ, ತೊಗಟೆಯ ಕೆಳಗೆ ಇನ್ನೊಂದು. ಗಾಳಿಯ ತೇವವೊಂದರಿಂದಲೇ ಮರ ಎಷ್ಟು ನೀರು ಹೀರಬಲ್ಲದು ಎಂಬುದಕ್ಕೆ ಒಂದು ಮಿತಿಯಿದೆ. ಗಾಳಿಯ ಆರ್ದ್ರತೆ ಶೇ 65 ಇದ್ದಾಗ ಮರದ ತೇವ ಸುಮಾರು 12ಕ್ಕೆ ಬಂದು ನಿಲ್ಲುತ್ತದೆ, ಶೇ 90 ಇದ್ದಾಗ 20ಕ್ಕೆ. ಎಷ್ಟೇ ಮಂಜು ಕವಿದರೂ ಸೂರಿನಡಿಯ ಒಣ ಸೌದೆ ಗಾಳಿಯಿಂದಲೇ 30 ದಾಟುವುದಿಲ್ಲ. ಆದ್ದರಿಂದ ಒಳಗಿನ ಓದು 30ಕ್ಕಿಂತ ಮೇಲಿದ್ದು ಹೊರಗಿನದು ಅದಕ್ಕಿಂತ ಕಡಿಮೆಯಿದ್ದರೆ ಅದು ಎಂದೂ ಒಣಗದ ಹಸಿ ಸೌದೆ. ಹೊರಗೆ ಹೆಚ್ಚಿದ್ದು ಒಳಗೆ ಕಡಿಮೆಯಿದ್ದರೆ ಒಣಗಿದ ಸೌದೆಗೆ ಎಲ್ಲಿಂದಲೋ ನೀರು ತಾಗಿದೆ, ಹೆಂಚಿನ ಸೋರಿಕೆಯನ್ನೋ ಇರಚಲನ್ನೋ ಹುಡುಕಿ. ಒಳಗೂ ಹೊರಗೂ 20ರ ಆಸುಪಾಸಿನಲ್ಲಿದ್ದರೆ ಅದು ಮಳೆಗಾಲದ ಸಹಜ ಸ್ಥಿತಿ, ಸೌದೆಯನ್ನು ದೂರುವಂತಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಮೀಟರುಗಳು ನೀರಿನ ಪ್ರಮಾಣವನ್ನು ಒಣ ಮರದ ತೂಕದ ಲೆಕ್ಕದಲ್ಲಿ ಹೇಳುತ್ತವೆ, ಸೌದೆಯ ವ್ಯವಹಾರದಲ್ಲಿ ಮತ್ತು ಒಲೆಗಳ ಕೈಪಿಡಿಗಳಲ್ಲಿ ಅದನ್ನು ಅನೇಕ ಸಲ ಒಟ್ಟು ತೂಕದ ಲೆಕ್ಕದಲ್ಲಿ ಹೇಳುತ್ತಾರೆ. ಒಟ್ಟು ತೂಕದಲ್ಲಿ ಶೇ 20 ನೀರಿರುವ ಸೌದೆಗೆ ಮೀಟರ್ 25 ತೋರಿಸುತ್ತದೆ. ಅರ್ಧಕ್ಕರ್ಧ ನೀರೇ ಇರುವ ಹಸಿ ಮರ ಒಣ ತೂಕದ ಲೆಕ್ಕದಲ್ಲಿ 100 ಆಗುತ್ತದೆ. ಎರಡನ್ನೂ ಬೆರೆಸಿಕೊಂಡು ವಾದ ಮಾಡುವವರನ್ನು ನೋಡಿದ್ದೇನೆ.

ಮೀಟರ್ ಇಲ್ಲದವರು ತಕ್ಕಡಿಯಿಂದಲೇ ಕೆಲಸ ಮುಗಿಸಬಹುದು. ಕುಂಟೆಯ ನಡುಭಾಗದಿಂದ ಕಾಲು ಕಿಲೋದಷ್ಟು ಚಕ್ಕೆಗಳನ್ನು ತೆಗೆದು ತೂಗಿ ಬರೆದಿಟ್ಟುಕೊಳ್ಳಿ, ಓವನ್‌ನಲ್ಲಿ 100–105 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿ. ಉದಾಹರಣೆಗೆ 250 ಗ್ರಾಂ ಇದ್ದದ್ದು 170 ಗ್ರಾಮಿಗೆ ಇಳಿದರೆ ಹೋದ ನೀರು 80 ಗ್ರಾಂ, ಒಟ್ಟು ತೂಕದ ಶೇ 32. ಶೇ 20ರೊಳಗಿದ್ದರೆ ಒಳ್ಳೆಯ ಸೌದೆ, 25ರವರೆಗೆ ನಡೆಯುತ್ತದೆ, 30 ದಾಟಿದರೆ ಈ ವರ್ಷ ಅದನ್ನು ಒಲೆಗೆ ಹಾಕದಿರುವುದೇ ಲೇಸು.

ನೀರು ಉರಿಯನ್ನು ಕೆಡಿಸುವ ಬಗೆ

ಹಸಿ ಸೌದೆಯಲ್ಲಿ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿದರೆ ಅದು ಪೂರ್ತಿ ಸರಿಯಲ್ಲ. ಶೇ 50 ನೀರಿರುವ ಒಂದು ಟನ್ ಹಸಿ ಸೌದೆಯಿಂದ ಸುಮಾರು 8000 ಮೆಗಾಜೂಲ್ ಶಾಖ ಸಿಗಬಹುದು. ಅದೇ ಸೌದೆ ಶೇ 20ಕ್ಕೆ ಒಣಗಿ 625 ಕಿಲೋಗೆ ಇಳಿದಾಗ ಸುಮಾರು 8900 ಸಿಗಬಹುದು. ಅಂದರೆ ಆವಿಗೆ ಹೋಗುವ ನಷ್ಟ ಹತ್ತರಲ್ಲಿ ಒಂದು ಪಾಲು ಮಾತ್ರ. ನಿಜವಾದ ನಷ್ಟ ಬೇರೆಡೆ ಆಗುತ್ತದೆ. ಕಾದ ಮರ ಮೊದಲು ಉರಿಯಬಲ್ಲ ಅನಿಲಗಳನ್ನು ಬಿಡುತ್ತದೆ, ಜ್ವಾಲೆಯಾಗಿ ಉರಿಯುವುದು ಅವೇ. ಮರದ ಶಾಖದ ಹೆಚ್ಚಿನ ಪಾಲು ಇರುವುದೂ ಅವುಗಳಲ್ಲಿಯೇ. ಆವಿಯಿಂದ ಒಲೆಯ ಹೊಟ್ಟೆ ತಣ್ಣಗಾದರೆ ಈ ಅನಿಲಗಳು ಹೊತ್ತಿಕೊಳ್ಳದೆ ಹೊಗೆಯಾಗಿ ಕೊಳವೆ ಸೇರುತ್ತವೆ, ಅಲ್ಲಿನ ತಣ್ಣನೆಯ ಗೋಡೆಗೆ ಜಿಡ್ಡಾಗಿ ಅಂಟುತ್ತವೆ. ಕಣ್ಣು ಉರಿಸುವ ಹೊಗೆ ಎಂದರೆ ಹಂಡೆಗೆ ತಲುಪಬೇಕಿದ್ದ ಶಾಖವೇ. ಆ ಜಿಡ್ಡು ಒಂದು ದಿನ ಕೊಳವೆಯೊಳಗೇ ಹೊತ್ತಿಕೊಂಡರೆ ಮಾಡಿನ ರೀಪಿಗೆ ಬೆಂಕಿ ತಗಲುವ ಅಪಾಯವೂ ಇದೆ.

ಮನೆಯಲ್ಲಿ ಸೌದೆ ಅತಿಯಾಗಿ ಖರ್ಚಾಗುತ್ತಿದೆಯೇ ಎಂದು ತಿಳಿಯಲು ಒಂದು ಅಂದಾಜು ಇಟ್ಟುಕೊಳ್ಳಬಹುದು. 80 ಲೀಟರ್ ನೀರನ್ನು 22 ಡಿಗ್ರಿಯಿಂದ 62ಕ್ಕೆ ಏರಿಸಲು ಸುಮಾರು 13.4 ಮೆಗಾಜೂಲ್ ಬೇಕು. ಒಣ ಸೌದೆಯ ಕಿಲೋಗೆ 14 ಮೆಗಾಜೂಲ್ ಎಂದಿಟ್ಟುಕೊಂಡು, ಅದರಲ್ಲಿ ಐದನೆಯ ಒಂದು ಪಾಲು ಮಾತ್ರ ನೀರಿಗೆ ತಲುಪುತ್ತದೆ ಎಂದರೂ ಐದು ಕಿಲೋದೊಳಗೆ ಕೆಲಸ ಮುಗಿಯಬೇಕು. ಹತ್ತು ಕಿಲೋ ಸುರಿದರೂ ನೀರು ಉಗುರುಬೆಚ್ಚಗೇ ಇದ್ದರೆ ಎಲ್ಲಿಯೋ ದೋಷವಿದೆ.

ಒಣಗದೆ ಉಳಿದದ್ದು ಏಕೆ?

ಸೌದೆ ಹಸಿಯೆಂದು ಖಚಿತವಾದ ಮೇಲೆ ಕಾರಣ ಹುಡುಕಲು ಹಿಂದಿನ ಬೇಸಿಗೆಗೆ ಹೋಗಬೇಕು. ಮೊದಲು ಕೇಳಬೇಕಾದ ಪ್ರಶ್ನೆ, ಮರ ಕಡಿದದ್ದು ಯಾವಾಗ ಎಂಬುದಕ್ಕಿಂತ, ಸೀಳಿದ್ದು ಯಾವಾಗ ಎಂಬುದು. ತೊಗಟೆ ಇರುವುದೇ ಮರದ ನೀರನ್ನು ಹಿಡಿದಿಡಲು. ದೀಪಾವಳಿ ಕಳೆದೊಡನೆ ಕಡಿದರೂ ದುಂಡನೆಯ ಕುಂಟೆಗಳನ್ನು ಹಾಗೆಯೇ ರಾಶಿ ಹಾಕಿ, ಮೇ ಕೊನೆಗೆ ಗಡಿಬಿಡಿಯಲ್ಲಿ ಸೀಳಿದರೆ ಆರು ತಿಂಗಳ ಬಿಸಿಲು ತೊಗಟೆಯ ಮೇಲೆ ವ್ಯರ್ಥವಾದಂತೆ. ಹಸಿಯಿದ್ದಾಗ ಮರ ಸುಲಭವಾಗಿ ಸೀಳುತ್ತದೆ ಎಂಬುದು ಕೊಡಲಿ ಹಿಡಿದವರಿಗೆ ಗೊತ್ತೇ ಇದೆ. ಕಡಿದ ವಾರದೊಳಗೆ ಒಂದೂವರೆ ಅಡಿ ಉದ್ದಕ್ಕೆ ತುಂಡರಿಸಿ, ಮುಂಗೈ ದಪ್ಪಕ್ಕೆ ಸೀಳಿಬಿಟ್ಟರೆ ಅಕೇಶಿಯದಂಥ ಗಟ್ಟಿ ಮರವೂ ಒಂದು ಬೇಸಿಗೆಯಲ್ಲಿ ಒಣಗುತ್ತದೆ. ಗಂಟು ಬಿದ್ದು ಬೆಣೆಗೂ ಸೀಳದ ಬೊಡ್ಡೆಗಳನ್ನು ಮಾತ್ರ ಬೇರೆ ಇಟ್ಟು ಮರುವರ್ಷಕ್ಕೆ ಬಿಡಿ.

ಎರಡನೆಯ ಕಾರಣ ಒಟ್ಟಿದ ರೀತಿ. ನೆಲಕ್ಕೆ ತಾಗಿಸಿ ಒಟ್ಟಿದರೆ ಕೆಳಗಿನ ಎರಡು ಸಾಲು ಮಣ್ಣಿನ ತೇವ ಎಳೆದುಕೊಳ್ಳುತ್ತವೆ, ಗೆದ್ದಲಿಗೂ ದಾರಿಯಾಗುತ್ತದೆ. ಕಲ್ಲು ಅಥವಾ ಅಡಿಕೆ ಮರದ ತೊಲೆಗಳ ಮೇಲೆ ಗೇಣೆತ್ತರದಲ್ಲಿ ಒಟ್ಟಬೇಕು. ಸಾಲುಗಳ ನಡುವೆ ಕೈ ಹೋಗುವಷ್ಟು ಜಾಗವಿರಲಿ. ಸೌದೆ ಒಣಗಿಸುವುದು ಬಿಸಿಲು ಎಂದು ನಾವು ಹೇಳುತ್ತೇವಾದರೂ ಹೊರಬಂದ ತೇವವನ್ನು ಹೊತ್ತೊಯ್ಯುವುದು ಗಾಳಿ. ಏಪ್ರಿಲ್‌ನ ಗುಡುಗು ಮಳೆಗೆ ಹೆದರಿ ಇಡೀ ಒಟ್ಟಿಲನ್ನು ನೆಲದವರೆಗೆ ಟಾರ್ಪಾಲಿನಲ್ಲಿ ಸುತ್ತುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಹಾಗೆ ಸುತ್ತಿದ ಸೌದೆ ತನ್ನ ಬೆವರಿನಲ್ಲಿಯೇ ಬೇಯುತ್ತದೆ, ತೆಗೆದಾಗ ತೊಗಟೆಯಡಿ ಬಿಳಿ ಬೂಷ್ಟು ಹಬ್ಬಿರುತ್ತದೆ. ಮೇಲ್ಭಾಗಕ್ಕೆ ಮಾತ್ರ ತಗಡು ಅಥವಾ ಸೋಗೆ ಹೊದಿಸಿ, ಬದಿಗಳನ್ನು ತೆರೆದಿಡಬೇಕು. ಎರಡು ಗುಡುಗು ಮಳೆ ಬದಿಗೆ ಇರಚಿದರೂ ಮರುದಿನದ ಬಿಸಿಲು ಅದನ್ನು ಎಳೆದುಬಿಡುತ್ತದೆ.

ಮೂರನೆಯದು ಒಳಗೆ ಸೇರಿಸಿದ ದಿನ. ರೋಹಿಣಿ ಮಳೆ ಹುಟ್ಟುವ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಸೌದೆ ಕೊಟ್ಟಿಗೆ ಸೇರಿರಬೇಕು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಕಡೆಗಳಲ್ಲಿ ಕೊಟ್ಟಿಗೆಯ ಪಡುವಣ ಬದಿಗೆ ತಟ್ಟಿ ಕಟ್ಟದಿದ್ದರೆ ಸೂರಿದ್ದೂ ಪ್ರಯೋಜನವಿಲ್ಲ.

ಒಣಗಿದ್ದರೂ ಉರಿಯದ ಸೌದೆ

ಮೀಟರ್ ಸರಿಯಾಗಿಯೇ ತೋರಿಸುತ್ತದೆ, ಆದರೂ ಶಾಖವಿಲ್ಲ ಎನ್ನುವ ಸಂದರ್ಭಗಳುಂಟು. ಹಾಲುವಾಣ, ಬೂರುಗದಂಥ ಹಗುರ ಮರಗಳು ಭಗ್ಗೆಂದು ಹೊತ್ತಿ ಕೆಂಡ ಉಳಿಸದೆ ಮುಗಿಯುತ್ತವೆ. ಸಿಲ್ವರ್ ಓಕ್ ಅವಕ್ಕಿಂತ ವಾಸಿ, ಮತ್ತಿ, ನಂದಿ, ಅಕೇಶಿಯಗಳಷ್ಟು ಬಾಳುವುದಿಲ್ಲ. ಕಿಲೋ ಲೆಕ್ಕದಲ್ಲಿ ಎಲ್ಲ ಮರಗಳ ಶಾಖ ಹೆಚ್ಚುಕಡಿಮೆ ಒಂದೇ ಆದರೂ ಒಲೆಯ ಬಾಯಿಗೆ ಹಿಡಿಸುವುದು ಗಾತ್ರದ ಲೆಕ್ಕದಲ್ಲಿ. ಎರಡು ಮೂರು ಮಳೆಗಾಲ ಹೊರಗೆ ಕಳೆದು ಒಳಗೊಳಗೇ ಕುಂಬಾದ ಸೌದೆಯೂ ಹೀಗೆಯೇ. ಹಗುರವಿರುವುದನ್ನು ನೋಡಿ ಒಣಗಿದೆ ಎಂದು ಭ್ರಮಿಸುತ್ತೇವೆ.

ಹೊಳಗೇರನ್ನು, ಅಂದರೆ ಕರಾವಳಿಯವರು ಚೇರೆ ಎನ್ನುವ ಮರವನ್ನು, ಯಾವ ಕಾರಣಕ್ಕೂ ಸೌದೆಗೆ ಸೇರಿಸಬಾರದು. ಅದರ ಸೊನೆ ತಾಗಿದರೆ ಮೈ ಗುಳ್ಳೆಯೇಳುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ರಾಸಾಯನಿಕ ಕುಡಿಸಿದ ಕಂಬಗಳ ತುಂಡುಗಳೂ ಒಲೆಗೆ ಸಲ್ಲವು. ಹಸಿ ಸೌದೆ ಹೊತ್ತಿಸಲು ಹಳೆಯ ಟ್ಯೂಬಿನ ತುಂಡು, ಪ್ಲಾಸ್ಟಿಕ್ ಕವರು ಹಾಕುವ ರೂಢಿ ನಮ್ಮಲ್ಲಿ ಬೇರೂರಿದೆ. ಅದರ ವಿಷದ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕುಳಿತು ಊದುವವರ ಎದೆಗೆ, ಮತ್ತು ಹೆಚ್ಚಿನ ಮನೆಗಳಲ್ಲಿ ಆ ಕೆಲಸ ಹೆಂಗಸರ ಪಾಲಿಗೇ ಬಂದಿದೆ. ಟ್ಯೂಬು ಬೇಕಾಗುತ್ತಿದೆ ಎಂದರೆ ಸೌದೆ ಹಸಿಯಿದೆ ಎಂದೇ ತಿಳಿಯಬೇಕು.

ಕೊಳ್ಳುವಾಗ ಆಗುವ ದೋಷ

ತೂಕಕ್ಕೆ ಕೊಳ್ಳುವವರು ನೀರಿಗೂ ಹಣ ಕೊಡುತ್ತಾರೆ. ಮೇಲಿನ ಲೆಕ್ಕದಂತೆ ಒಂದು ಟನ್ ಹಸಿ ಸೌದೆ ಒಣಗಿದಾಗ ಉಳಿಯುವುದು 625 ಕಿಲೋ. ಒಟ್ಟಿ ಅಳತೆ ಮಾಡಿಸಿಕೊಳ್ಳುವುದು ನ್ಯಾಯವಾದ ದಾರಿ. ಒಟ್ಟಿದ ಗಾತ್ರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮರ, ಉಳಿದದ್ದು ಸಂದು ಎಂಬುದು ನೆನಪಿರಲಿ. ಪಿಕಪ್ ಬಂದು ನಿಂತಾಗ ಮೇಲಿನದನ್ನು ಬಿಟ್ಟು ಒಳಗಿನ ಒಂದು ತುಂಡನ್ನು ಅಲ್ಲಿಯೇ ಸೀಳಿ ನೋಡುವುದಕ್ಕೆ ಸಂಕೋಚಪಡಬೇಕಿಲ್ಲ. ಜೂನ್‌ನಲ್ಲಿ "ಒಣ ಸೌದೆ" ಎಂದು ಬರುವ ಲೋಡನ್ನು ನಂಬುವುದಕ್ಕಿಂತ ಡಿಸೆಂಬರ್‌ನಲ್ಲಿ ಹಸಿಯೆಂದು ತಿಳಿದೇ ಕೊಂಡು ನಾವೇ ಒಣಗಿಸಿಕೊಳ್ಳುವುದು ಮೇಲು.

ಸ್ವಂತ ತೋಟದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹೆಚ್ಚಿನ ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್, ಗಾಳಿಮರ, ನೀಲಗಿರಿ, ರಬ್ಬರ್, ಹಾಲುವಾಣಗಳಂಥ ಕೆಲವಕ್ಕೆ ವಿನಾಯಿತಿಯಿದೆ. ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಸೊಪ್ಪಿನ ಬೆಟ್ಟದ, ಅಂದರೆ ತೋಟದವರಿಗೆ ಸೊಪ್ಪು ಸೌದೆಗೆಂದು ಬಿಟ್ಟ ಕಾಡಿನ, ಹಕ್ಕು ಮನೆಬಳಕೆಗೆ ಮಾತ್ರ. ಅನುಮತಿಗೆ ತಡವಾಗಿ ಅರ್ಜಿ ಹಾಕಿದರೆ ಕಡಿಯುವುದು ಮಾರ್ಚ್ ಕೊನೆಗೆ ಹೋಗಿ, ಒಣಗಲು ಎರಡು ತಿಂಗಳೂ ಸಿಗುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆಯೇ ಅರ್ಜಿ ಕೊಟ್ಟರೆ ಈ ದೋಷ ಬುಡದಲ್ಲಿಯೇ ತಪ್ಪುತ್ತದೆ.

ಜುಲೈನಲ್ಲಿ ಗೊತ್ತಾದರೆ

ತೋಯ್ದ ಸೌದೆಯಾದರೆ ವಾರಕ್ಕೆ ಬೇಕಾದಷ್ಟನ್ನು ಬಚ್ಚಲಿನ ಅಟ್ಟಕ್ಕೇರಿಸಿ, ದಿನವೂ ಹಳೆಯದನ್ನು ಇಳಿಸಿ ಹೊಸದನ್ನು ಏರಿಸುತ್ತ ಬಂದರೆ ಸಾಕು. ಹಸಿ ಸೌದೆಯಾದರೆ ಅದನ್ನು ಹೆಬ್ಬೆರಳ ದಪ್ಪಕ್ಕೆ ಸಣ್ಣಗೆ ಸೀಳಿ, ಕರಟ, ದಬ್ಬೆ, ಒಣ ಅಡಿಕೆ ಹಾಳೆಗಳಿಂದ ಒಲೆಯನ್ನು ಚೆನ್ನಾಗಿ ಕಾಯಿಸಿದ ಮೇಲೆ, ಮೂರು ಒಣ ಸೀಳಿಗೆ ಒಂದರಂತೆ ಸೇರಿಸಬಹುದು. ದಪ್ಪ ಕುಂಟೆಗಳನ್ನು ಮುಟ್ಟದೆ ಮುಂದಿನ ವರ್ಷಕ್ಕೆ ಬಿಡಬೇಕು. ಒಲೆಯ ಬಾಯಿಗೆ ತಾಗಿಸಿ ಸೌದೆ ಒರಗಿಸಿಟ್ಟು ಮಲಗಲು ಹೋಗಬಾರದು, ಒಣಗಿದ ಕ್ಷಣವೇ ಅದು ಹೊತ್ತಿಕೊಳ್ಳಬಹುದು. ಹಾಗೆಯೇ ಚಳಿಯೆಂದು ಕೆಂಡವನ್ನು ಬಾಣಲೆಯಲ್ಲಿ ತುಂಬಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡಬಾರದು: ಹೊಗೆಯಿಲ್ಲದ ಕೆಂಡದಿಂದಲೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಹಸಿ ಸೌದೆ ಉರಿಸಿದ ವರ್ಷ ಕೊಳವೆಯನ್ನು ತಿಂಗಳಿಗೊಮ್ಮೆ ಬಿಚ್ಚಿ, ಗಟ್ಟಿ ಬ್ರಷ್ ಅಥವಾ ಗೋಣಿ ಕಟ್ಟಿದ ಬಿದಿರಿನಿಂದ ಜಿಡ್ಡನ್ನು ಕೆರೆದು ತೆಗೆಯಬೇಕು. ಒಲೆ ಪೂರ್ತಿ ತಣಿದ ಬೆಳಿಗ್ಗೆ ಈ ಕೆಲಸ ಮಾಡುವುದು ಸುರಕ್ಷಿತ.